ಏಳು ಕೋಳಿ, ನೂರು ಡೋಸ್

ನಮ್ಮನೇಲಿ ಕೋಳಿ ಅದಾವೆ ಅಂತ ಗೊತ್ತಾದ್ರೆ ಸಾಕು, ಎಲ್ರೂ ಕೇಳೋ ಮೊದಲನೇ ಪ್ರಶ್ನೆ ದಿನಾ ಎಷ್ಟು ಮೊಟ್ಟೆ ಇಡ್ತಾವೆ ಅಂತ, ಎರಡನೇದು ಗಿಟ್ಟುತ್ತಾ ಅಂತ. ಮೊದಲನೇದಕ್ಕೆ ಉತ್ತರ, ಅವುಗಳ ಮೂಡು. ಎರಡನೇದಕ್ಕೆ, ಇಲ್ಲ. ಗಿಟ್ಟಬೇಕು ಅಂದ್ರೆ ಶೆಡ್ ಹಾಕಿ, ಸಾಲ ತಗೊಂಡು, ಸಾವಿರಗಟ್ಲೆ ಸಾಕಬೇಕು, ಅದು ಬೇರೆ ಕಸುಬು. ನಮ್ದು ದಾವಣಗೆರೆಯ ಶಾಮನೂರು ದಾಟಿದ ಮೇಲೆ ಬರೋ ಹೊಸ ಲೇಔಟಲ್ಲಿ ಮನೆ ಹಿಂದುಗಡೆ ಉಳಿದಿರೋ ಒಂದಿಷ್ಟು ಜಾಗ, ಪಕ್ಕದಲ್ಲೇ ಯಾರೋ ತಗೊಂಡು ಬಿಟ್ಟುಹೋಗಿರೋ ಖಾಲಿ ಸೈಟು, ಅದರ ತುಂಬಾ ಕಾಂಗ್ರೆಸ್ ಗಿಡ, ಅಲ್ಲಿ ಕೆದರಿಕೊಂಡು ತಿರುಗೋ ಏಳು ಕೋಳಿ. ಇಷ್ಟೇ.

ಈ ಏಳಕ್ಕೆ ಕೊಕ್ಕರೆ ರೋಗದ ಲಸಿಕೆ ಹಾಕ್ಸೋಕೆ ಹೋದ್ರೆ ಸಿಗೋದು ನೂರು ಡೋಸಿನ ಸೀಸೆ, ಆ ಕಥೆ ಹೇಳೋಕೇ ಕೂತಿದ್ದು, ಅದಕ್ಕೂ ಮುಂಚೆ ಕೋಳಿಗಳ ವಿಷಯ. ಏಳರಲ್ಲಿ ನಾಲ್ಕು ಜವಾರಿ, ಅತ್ತೆ ಜಗಳೂರು ಕಡೆ ಹಳ್ಳಿಯಿಂದ ತಂದಿದ್ದು. ಇನ್ನು ಮೂರು ಸ್ವರ್ಣಧಾರಾ. ಇದು ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿ ಮಾಡಿದ ತಳಿ, 2005ರಲ್ಲಿ ಬಿಟ್ಟಿದ್ದು, ಅದಕ್ಕೂ ಮೊದಲು 1980ರ ದಶಕದ ಕೊನೆಗೆ ಅಲ್ಲಿಂದಾನೇ ಗಿರಿರಾಜ ಬಂದಿತ್ತು, ಅದನ್ನ ಹಳ್ಳಿ ಕಡೆ ಎಲ್ರೂ ನೋಡಿರ್ತೀರ. ಜವಾರಿ ಕೋಳಿ ವರ್ಷಕ್ಕೆ 50-60 ಮೊಟ್ಟೆ ಇಟ್ರೆ ದೊಡ್ಡದು, ಹತ್ತು-ಹನ್ನೆರಡು ಇಡೋದು, ಆಮೇಲೆ ಕಾವಿಗೆ ಕೂತ್ಕೊಂಡು ಬಿಡೋದು. ಸ್ವರ್ಣಧಾರಾ 180ರವರೆಗೂ ಇಡುತ್ತೆ ಆದರೆ ಕಾವಿಗೆ ಕೂರೋ ಬುದ್ಧಿ ಅದಕ್ಕೆ ಕಮ್ಮಿ. ಅತ್ತೆಗೆ ಈ ಮೂರನ್ನ ಕಂಡ್ರೆ ಅಷ್ಟಕ್ಕಷ್ಟೇ. "ಬರೇ ಮೈ ಬೆಳೆಸ್ಕಂಡಾವು, ನಾಯಿ ಬಂದ್ರೆ ಓಡಾಕೂ ಬರಂಗಿಲ್ಲ" ಅಂತಾರೆ. ಮಾತು ಸುಳ್ಳಲ್ಲ. ಜವಾರಿ ಹ್ಯಾಟೆ ನಾಯಿ ಕಂಡ್ರೆ ಕಾಂಪೌಂಡ್ ಮೇಲೆ ಹಾರಿ ಕೂರುತ್ತೆ, ಇವು ನಿಂತು ನೋಡ್ತಾವೆ.

ಹುಂಜ ಇಲ್ಲ. ಇತ್ತು ಮೊದಲು, ಕೆಂಪು ಕಪ್ಪು ಬಣ್ಣದ್ದು, ಭಾರಿ ಜೋರು. ನಾಲ್ಕು ಗಂಟೆಗೇ ಶುರು ಮಾಡ್ತಿತ್ತು, ಬೀದಿ ದೀಪದ ಬೆಳಕಿಗೋ ಏನೋ ಕೆಲವು ಸಲ ಎರಡಕ್ಕೂ ಕೂಗ್ತಿತ್ತು. ಎದುರು ಮನೆ ರಿಟೈರ್ಡ್ ಮೇಷ್ಟ್ರು ಒಂದಿನ ಗೇಟ್ ಹತ್ರ ಬಂದು ತುಂಬಾ ಮರ್ಯಾದೆಯಾಗೇ "ಅಲ್ಲ ತಂಗಿ, ನಿಮ್ಮ ಹುಂಜಕ್ಕೆ ಟೈಮ್ ಗೊತ್ತಾಗಲ್ಲೇನು" ಅಂದ್ರು. ಅಷ್ಟು ಸಾಕಿತ್ತು. ಕೋಳಿ ಕೇಳಿ ಖಾರ ಅರೀತಾರಾ ಅಂತಾರಲ್ಲ, ನಾವೂ ಕೇಳಲಿಲ್ಲ, ಆದರೆ ಖಾರಾನೂ ಅರೀಲಿಲ್ಲ, ಬುಟ್ಟೀಲಿ ಕೂರಿಸಿ ಬಸ್ಸಲ್ಲಿ ಊರಿಗೆ ಕಳಿಸಿದ್ವಿ. ಈಗ ಅಲ್ಲಿ ಆರಾಮಾಗಿದೆಯಂತೆ. ಹುಂಜ ಇಲ್ದೆ ಮೊಟ್ಟೆ ಹೆಂಗ್ರೀ ಇಡ್ತಾವೆ ಅಂತ ಓದಿದೋರೇ ಕೇಳ್ತಾರೆ ನೋಡ್ರಿ, ಅದಕ್ಕೆ ಹೇಳ್ತೀನಿ, ಹ್ಯಾಟೆಗೆ ಮೊಟ್ಟೆ ಇಡೋಕೆ ಹುಂಜ ಬೇಕಿಲ್ಲ, ಮೊಟ್ಟೆಯಿಂದ ಮರಿ ಆಗೋಕೆ ಮಾತ್ರ ಬೇಕು. ಅಂಗಡೀಲಿ ಟ್ರೇಗಟ್ಲೆ ಬರ್ತಾವಲ್ಲ, ಅವೆಲ್ಲಾ ಹುಂಜನ ಮುಖಾನೇ ನೋಡದೇ ಇರೋ ಕೋಳಿಗಳ ಮೊಟ್ಟೆ.

ಮೇವಿನ ವಿಷಯದಲ್ಲಿ ದಾವಣಗೆರೆಯವರು ಪುಣ್ಯವಂತರು. ಸುತ್ತಾ ಮೆಕ್ಕೆಜೋಳ, ಭದ್ರಾ ನೀರು ಬರೋ ಕಡೆ ಭತ್ತ, ಹಂಗಾಗಿ ಜೋಳದ ನುಚ್ಚು, ಅಕ್ಕಿ ನುಚ್ಚು, ತೌಡು, ಗೂಡಿಗೆ ಹಾಸೋಕೆ ಭತ್ತದ ಹೊಟ್ಟು ಎಲ್ಲಾ ಕೈಗೆ ಸಿಗುತ್ತೆ. ಆದರೆ ಸಿಗುತ್ತೆ ಅಂತ ಬರೀ ಮೆಕ್ಕೆಜೋಳ ಹಾಕ್ತಾ ಹೋದ್ರೆ ಕೋಳಿಗೆ ಕೊಬ್ಬು ಬರುತ್ತೆ, ಮೊಟ್ಟೆ ನಿಲ್ಲುತ್ತೆ. ಮೊಟ್ಟೆ ಅಂದ್ರೆ ಪ್ರೋಟೀನು, ಅದು ಎಲ್ಲಿಂದಾದ್ರೂ ಬರಬೇಕಲ್ಲ. ಖಾಲಿ ಸೈಟಲ್ಲಿ ಗೆದ್ದಲು, ಹುಳ, ಮಿಡತೆ ಸಿಗೋ ಮಳೆಗಾಲದಲ್ಲಿ ನಾವು ಕೊಡೋದು ಬರೀ ಒಂದೊಂದು ಹಿಡಿ ಕಾಳು ಅಷ್ಟೇ, ಬೇಸಿಗೇಲಿ ನೆಲ ಒಣಗಿ ಹುಳ ಸಿಗಲ್ಲ, ಆಗ ಶೇಂಗಾ ಹಿಂಡಿ ಪುಡಿ ಮಾಡಿ ನುಚ್ಚಿಗೆ, ತೌಡಿಗೆ ಕಲಸಿ ಹಾಕ್ತೀವಿ. ಶೇಂಗಾ ಹಿಂಡಿಗೆ ಚಳ್ಳಕೆರೆ ಇದೆಯಲ್ಲ, ಎಣ್ಣೆ ಮಿಲ್ಲುಗಳ ಊರು.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಬೂಸಲು ಹಿಡಿದಿರೋ ಜೋಳ, ಹಿಂಡಿ "ಮನುಷ್ಯರಿಗೆ ಆಗಲ್ಲ, ಕೋಳಿಗಾದ್ರೂ ಹಾಕಿ" ಅಂತ ಕೊಡೋರು ಇರ್ತಾರೆ, ಪ್ರೀತಿಯಿಂದಾನೇ ಕೊಡ್ತಾರೆ. ತಗೋಬೇಡಿ. ತಗೊಂಡ್ರೂ ಹಾಕಬೇಡಿ. 1960ರಲ್ಲಿ ಇಂಗ್ಲೆಂಡಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿ ಏನು ರೋಗ ಅಂತಾನೇ ಗೊತ್ತಾಗ್ದೆ ಸತ್ತುಹೋದವು, ಕೊನೆಗೆ ನೋಡಿದ್ರೆ ಬ್ರೆಜಿಲ್‌ನಿಂದ ತರಿಸಿದ್ದ ಶೇಂಗಾ ಹಿಂಡೀಲಿ ಬೂಸಲಿನ ವಿಷ ಇತ್ತು. ಆ ವಿಷಕ್ಕೇ ಅಫ್ಲಾಟಾಕ್ಸಿನ್ ಅಂತ ಹೆಸರಿಟ್ಟಿದ್ದು. ಅದು ಲಿವರ್ ಹಾಳು ಮಾಡುತ್ತೆ, ಬೇಯಿಸಿದ್ರೂ ಬಿಸಿಲಿಗಿಟ್ರೂ ಪೂರ್ತಿ ಹೋಗಲ್ಲ. ನಮ್ ಕಡೆ ಕಟಾವು ಟೈಮಲ್ಲಿ ಮಳೆ ಬಂದ್ರೆ ರೋಡ್ ಮೇಲೆ ಹರವಿದ ಜೋಳಕ್ಕೆಲ್ಲಾ ಟಾರ್ಪಾಲ್ ಮುಚ್ಚಿ ಮೂರ್ನಾಲ್ಕು ದಿನ ಹಂಗೇ ಬಿಟ್ಟಿರ್ತಾರೆ, ಪಾಪ ಅವರೇನ್ ಮಾಡ್ತಾರೆ, ಆದರೆ ಆ ಜೋಳದ ಮೂಗಲ್ಲಿ ಹಸಿರು-ಕಪ್ಪು ಪುಡಿ ಕಂಡ್ರೆ ಅದು ಅಗ್ಗ ಅಂತ ತರಬಾರದು. ಕೈಯಲ್ಲಿ ಹಿಡಿದು ಮೂಸಿ ನೋಡ್ರಿ, ಮುಗ್ಗಲು ವಾಸನೆ ಬಂದ್ರೆ ಮುಗೀತು.

ಸುಣ್ಣದಂಶ ಅಂದ್ರೆ ಕ್ಯಾಲ್ಸಿಯಂ, ಒಂದು ಮೊಟ್ಟೆ ಚಿಪ್ಪಿಗೆ ಹೆಚ್ಚುಕಮ್ಮಿ 2 ಗ್ರಾಂ ಬೇಕು. ಮನೇಲಿ ಒಡೆದ ಮೊಟ್ಟೆ ಚಿಪ್ಪನ್ನ ಒಣಗಿಸಿ ನುಣ್ಣಗೆ ಕುಟ್ಟಿ ಒಂದು ಬಟ್ಟಲಲ್ಲಿ ಬೇರೆ ಇಡ್ತೀವಿ, ಬೇಕಾದೋವು ತಿಂತಾವೆ. ಅರ್ಧ ಚಿಪ್ಪು ಹಂಗೇ ಎಸೀಬಾರದು, ಚಿಪ್ಪಿನ ರುಚಿ ಹತ್ತಿದ ಕೋಳಿ ಇಟ್ಟ ಮೊಟ್ಟೇನೇ ಕುಕ್ಕಿ ತಿನ್ನೋಕೆ ಶುರು ಮಾಡುತ್ತೆ, ಆ ಚಟ ಬಿಡಿಸೋದು ಯಾರ ಕೈಲೂ ಆಗಲ್ಲ.

ಗೂಡಿನ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ನೆಲದಿಂದ ಎರಡಡಿ ಮೇಲೆ, ಮೇಲೊಂದು ಶೀಟು, ಕೂರೋಕೆ ಮಣೆ ಅಲ್ಲ ಗಳ, ಸುತ್ತಾ ದಪ್ಪ ವೆಲ್ಡ್ ಜಾಲರಿ. ಅಂಗಡೀಲಿ ಕೋಳಿ ಜಾಲರಿ ಅಂತ ಕೊಡೋ ತೆಳ್ಳಗಿನದು ಕೋಳಿ ಹೊರಗೆ ಹೋಗದಂಗೆ ತಡೆಯುತ್ತೆ, ಮುಂಗುಸಿ ಒಳಗೆ ಬರದಂಗೆ ತಡೆಯಲ್ಲ. ಸಂಜೆ ಕತ್ತಲಾಗೋಕೆ ಮುಂಚೆ ಬಾಗಿಲು ಹಾಕೋದು ಒಂದು, ಅದಕ್ಕೆ ಮನೇಲಿ ಯಾರಾದ್ರೂ ಇರಲೇಬೇಕು, ಮದುವೆ ಮುಂಜಿ ಅಂತ ಎಲ್ರೂ ಒಟ್ಟಿಗೆ ಹೊರಡೋಕೆ ಆಗಲ್ಲ, ಈ ಕಷ್ಟ ಮಾತ್ರ ಕೋಳಿ ತರೋ ಮುಂಚೆ ಯಾರೂ ಹೇಳಲ್ಲ.

ಬೇಸಿಗೆ. ಏಪ್ರಿಲ್‌ನಲ್ಲಿ ನಮ್ಮೂರ ಬಿಸಿಲು ಗೊತ್ತಲ್ಲ, ಮಧ್ಯಾಹ್ನ ಮನುಷ್ಯರೇ ಹೊರಗೆ ಕಾಲಿಡಲ್ಲ. ಕೋಳಿಗೆ ಬೆವರೋಕೆ ಬರಲ್ಲ. ಬಾಯಿ ತೆರ್ಕೊಂಡು ಏದುಸಿರು ಬಿಡೋದು, ರೆಕ್ಕೆ ಮೈಯಿಂದ ಸ್ವಲ್ಪ ದೂರ ಹಿಡ್ಕೊಂಡು ನಿಲ್ಲೋದು, ಇಷ್ಟೇ ಅವುಕ್ಕೆ ಇರೋ ಫ್ಯಾನು. ಹಂಗೆ ಏದುಸಿರು ಬಿಟ್ಟೂ ಬಿಟ್ಟೂ ರಕ್ತದಲ್ಲಿ ಚಿಪ್ಪಿಗೆ ಬೇಕಾದ ಅಂಶ ಕಮ್ಮಿಯಾಗಿ ಮೊಟ್ಟೆ ಚಿಪ್ಪು ತೆಳ್ಳಗಾಗುತ್ತೆ, ಕೈಯಲ್ಲಿ ಹಿಡಿದ್ರೆ ಒಡೆಯುತ್ತೆ, ಆಗ ಸುಣ್ಣ ಎಷ್ಟು ಹಾಕಿದ್ರೂ ಅಷ್ಟೇ, ನೆರಳು ನೀರು ಕೊಡಬೇಕು. ಮಣ್ಣಿನ ಅಗಲ ಬಾನಿಗಳಲ್ಲಿ ನೀರು, ಮಧ್ಯಾಹ್ನ ಒಂದ್ಸಲ ಚೆಲ್ಲಿ ಮತ್ತೆ ತಣ್ಣೀರು ತುಂಬೋದು, ಗೂಡಿನ ಪಶ್ಚಿಮದ ಕಡೆ ಗೋಣಿಚೀಲ ಇಳಿಬಿಟ್ಟು ನೆನೆಸೋದು. ಕಾಳನ್ನ ಬೆಳಗ್ಗೆ ಬೇಗ, ಸಂಜೆ ಬಿಸಿಲು ಇಳಿದ ಮೇಲೆ ಹಾಕ್ಬೇಕು, ತಿಂದಿದ್ದು ಅರಗೋವಾಗ ಮೈ ಬಿಸಿಯಾಗುತ್ತೆ ಅದಕ್ಕೆ.

ಮರಿ ಮಾಡ್ಸೋ ಕಥೆ ಚೆನ್ನಾಗಿದೆ. ಹುಂಜ ಇಲ್ಲವಲ್ಲ, ಕಾವಿಗೆ ಕೂತ ಹ್ಯಾಟೆ ಬರೀ ಬುಟ್ಟಿ ಮೇಲೇ ಕೂತಿರುತ್ತೆ, ಅದಕ್ಕೆ ಊರಿಂದ ಮೊಟ್ಟೆ ತರಿಸಿ ಇಡ್ತೀವಿ. ಅತ್ತೆಯ ತಮ್ಮ ಅವನ್ನ ಅಕ್ಕಿ ಡಬ್ಬೀಲಿ ಹೂತು ಬಸ್ಸಲ್ಲಿ ಕಳಿಸ್ತಾರೆ, ಒಂದೂ ಒಡೆದಿರಲ್ಲ. ಬಂದ ತಕ್ಷಣ ಕಾವಿಗೆ ಇಡಬಾರದು, ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಹಂಗೇ ಬಿಡಬೇಕು, ಬಸ್ಸಿನ ಕುಲುಕಾಟಕ್ಕೆ ಒಳಗಿನ ಗಾಳಿ ಗುಳ್ಳೆ ಅಲ್ಲಾಡಿರುತ್ತೆ. ಆಮೇಲೆ ಪೆನ್ಸಿಲಲ್ಲಿ ಗುರುತು ಹಾಕಿ, ಬುಟ್ಟೀಲಿ ಬೂದಿ ಹುಲ್ಲು ಹಾಸಿ, ಅತ್ತೆ ಅದರ ಜೊತೆ ಒಂದು ಇದ್ದಿಲು ಒಂದು ಕಬ್ಬಿಣದ ತುಂಡು ಇಡ್ತಾರೆ, ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ. ನಾನು ಅದರ ಬಗ್ಗೆ ವಾದ ಮಾಡಲ್ಲ, ಇದ್ದಿಲಿಗೇನು ಖರ್ಚಾ. ಏಳನೇ ರಾತ್ರಿ ಮೊಬೈಲ್ ಟಾರ್ಚ್ ಮೇಲೆ ಮೊಟ್ಟೆ ಹಿಡಿದ್ರೆ ಮರಿಯಾಗೋದಾದ್ರೆ ಒಳಗೊಂದು ಕಪ್ಪು ಚುಕ್ಕೆ, ಅದರ ಸುತ್ತಾ ಜೇಡರ ಬಲೆ ಹಂಗೆ ಸಣ್ಣ ಸಣ್ಣ ಕೆಂಪು ನರ ಹರಡಿರೋದು ಕಾಣುತ್ತೆ, ಸ್ವಲ್ಪ ಹೊತ್ತು ನೋಡ್ತಿದ್ರೆ ಆ ಚುಕ್ಕೆ ಅಲ್ಲಾಡುತ್ತೆ. ಏನೂ ಕಾಣದೆ ಬರೀ ತಿಳಿ ಬೆಳಕು ಕಂಡ್ರೆ ಅದು ಗೊಡ್ಡು, ತೆಗೆದುಬಿಡೋದು. ನನ್ನ ಮಗಳಿಗೆ ಇದೊಂದು ಸಿನಿಮಾ. 21ನೇ ದಿನಕ್ಕೆ ಮರಿ. ಮರಿ ಬಂದ ಮೇಲೆ ಹದ್ದಿನ ಕಾಟ, ಊರಲ್ಲಿ ಮರಿ ಬೆನ್ನಿಗೆ ಗುಲಾಬಿ ಬಣ್ಣ ಬಳೀತಾರೆ ಹದ್ದು ಹೆದರಲಿ ಅಂತ, ನಾವು ತಾಯಿ ಸಮೇತ ಬುಟ್ಟಿ ಕವುಚಿ ಹಾಕ್ತೀವಿ.

ಈಗ ನಾನು ನಿಜವಾಗ್ಲೂ ಬರೀಬೇಕು ಅಂತ ಕೂತಿದ್ದ ವಿಷಯ. ಕೊಕ್ಕರೆ ರೋಗ.

ಹಳ್ಳಿ ಕಡೆ ಬೆಳೆದೋರಿಗೆ ಈ ಹೆಸರು ಹೇಳಿದ್ರೇನೇ ಮುಖ ಸಪ್ಪಗಾಗುತ್ತೆ. ನಿನ್ನೆ ಕೆದರಿಕೊಂಡು ತಿರುಗ್ತಿದ್ದ ಕೋಳಿ ಇವತ್ತು ಪುಕ್ಕ ಉಬ್ಬಿಸ್ಕೊಂಡು ಮೂಲೇಲಿ ಕೂರುತ್ತೆ, ಹಸಿರು-ಬಿಳಿ ಭೇದಿ, ಗೊರಗೊರ ಉಸಿರು, ಕೆಲವಕ್ಕೆ ಕತ್ತು ತಿರುಚಿಕೊಂಡು ತಲೆ ಬೆನ್ನ ಮೇಲೆ ಹೋಗುತ್ತೆ, ಕಾಲು ಬಿದ್ದುಹೋಗುತ್ತೆ, ಒಂದು ವಾರದಲ್ಲಿ ಓಣಿಗೆ ಓಣೀನೇ ಖಾಲಿ. ಇಂಗ್ಲಿಷಲ್ಲಿ ನ್ಯೂಕ್ಯಾಸಲ್ ಅಂತಾರೆ, ಇಂಗ್ಲೆಂಡಿನ ಆ ಊರಲ್ಲಿ 1926ರಲ್ಲಿ ಗುರುತಿಸಿದ್ದು. ನಮ್ಮ ದೇಶದಲ್ಲಿ ಹಿಮಾಲಯದ ಕಡೆ ಇರೋ ರಾಣಿಖೇತ್ ಹೆಸರಲ್ಲಿ ಕರೀತಾರೆ. ವೈರಸ್ಸು, ಬಂದ ಮೇಲೆ ಔಷಧಿ ಇಲ್ಲ. ಬೆಳ್ಳುಳ್ಳಿ, ಅರಿಶಿನ, ಈರುಳ್ಳಿ ರಸ, ಏನು ಬೇಕಾದ್ರೂ ಕುಡಿಸಿ, ಉಳಿಯೋದು ಉಳಿಯುತ್ತೆ ಹೋಗೋದು ಹೋಗುತ್ತೆ. ಇದಕ್ಕಿರೋದು ಲಸಿಕೆ ಒಂದೇ, ಅದೂ ಮುಂಚೇನೇ ಹಾಕ್ಸಿರಬೇಕು. ಮರಿಗೆ ಐದರಿಂದ ಏಳು ದಿನದೊಳಗೆ ಎಫ್ ಒನ್ ಇಲ್ಲಾ ಲಸೋಟ ಅನ್ನೋದನ್ನ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟು ವಾರ ಆದ್ಮೇಲೆ ಆರ್‌ಟೂಬಿ ಅಂತ ಇಂಜೆಕ್ಷನ್ನು, ರೆಕ್ಕೆ ಕೆಳಗಿನ ಚರ್ಮದಲ್ಲಿ ಅರ್ಧ ಎಂಎಲ್. ದುಡ್ಡೂ ಜಾಸ್ತಿ ಇಲ್ಲ. ರಾಜ್ಯ ಸರ್ಕಾರದ ಸಂಸ್ಥೇನೇ ಹೆಬ್ಬಾಳದಲ್ಲಿ ತಯಾರು ಮಾಡುತ್ತೆ.

ಮತ್ತೆ ಯಾಕೆ ಯಾರೂ ಹಾಕ್ಸಲ್ಲ ಅಂದ್ರೆ, ಆ ಬಾಟಲಿ ನೋಡ್ಬೇಕು ನೀವು. ಹೆಬ್ಬೆರಳಿನಷ್ಟು ಗಾಜಿನ ಸೀಸೆ, ತಳದಲ್ಲಿ ಸ್ವಲ್ಪ ಬಿಳಿ ಬಿಲ್ಲೆ, ಅದರ ಜೊತೆ ಕರಗಿಸೋಕೆ ನೀರು ಬೇರೆ. ಸಣ್ಣ ಸೀಸೆ ಅಂದ್ರೇನೇ ಅದರಲ್ಲಿ 100 ಡೋಸ್. ಐಸಲ್ಲೇ ಇರಬೇಕು, ಬಿಸಿಲು ತಾಗಬಾರದು, ಒಂದ್ಸಲ ಕರಗಿಸಿದ್ರೆ ಎರಡು ಗಂಟೆಯೊಳಗೆ ಮುಗಿಸಬೇಕು, ನಾಳೆಗೆ ಅಂತ ಫ್ರಿಜ್‌ನಲ್ಲಿ ಇಟ್ರೆ ಅದು ಬರೀ ನೀರು. ಐದು ಸಾವಿರ ಕೋಳಿ ಇರೋ ಫಾರಂಗೆ ಇದು ಲೆಕ್ಕಾನೇ ಅಲ್ಲ. ಏಳು ಕೋಳಿ ಇರೋರಿಗೆ? ಮೆಡಿಕಲ್ ಶಾಪಲ್ಲಿ ಕೇಳಿದ್ರೆ ಅಂಗಡಿಯವನು ನಗ್ತಾನೆ. ಲಸಿಕೆ ಕಂಡುಹಿಡಿದೋರು ಬುದ್ಧಿವಂತರೇ, ಪ್ಯಾಕಿಂಗ್ ಮಾಡೋರು ಮಾತ್ರ ಹಿತ್ತಲ ಕಡೆ ಯಾವತ್ತೂ ತಿರುಗಿ ನೋಡಿಲ್ಲ ಅನ್ಸುತ್ತೆ. ದೇಶದಲ್ಲಿ ಹಿತ್ತಲಲ್ಲಿ ನಾಲ್ಕೋ ಹತ್ತೋ ಕೋಳಿ ಸಾಕೋ ಹೆಂಗಸರು ಎಷ್ಟು ಜನ ಇದಾರೆ, ಅವರ ಲೆಕ್ಕಕ್ಕೆ 10 ಡೋಸಿನ ಸೀಸೆ ಯಾಕೆ ಸುಲಭವಾಗಿ ಸಿಗಬಾರದು ಅಂತ ನನ್ನ ಸಿಟ್ಟು.

ಸಿಟ್ಟು ಮಾಡ್ಕೊಂಡು ಕೂತ್ರೆ ಕೋಳಿ ಉಳಿಯಲ್ಲ, ಅದಕ್ಕೆ ಪಶು ಆಸ್ಪತ್ರೇಲಿ ಹೋಗಿ ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು, "ಅಕ್ಕಾರೆ, ಕೋಳಿ ಸೇರಿಸ್ರಿ, ನಾವು ಕೊಡ್ತೀವಿ." ಆಗ ಶುರುವಾಗಿದ್ದು ನಮ್ಮ ಏರಿಯಾದ ಕೋಳಿ ಗಣತಿ. ಹೊರಗಿಂದ ನೋಡಿದ್ರೆ ಈ ಲೇಔಟಲ್ಲಿ ಕೋಳಿ ಇರೋದು ನಮ್ಮೊಬ್ಬರ ಮನೇಲೇ ಅನ್ಸುತ್ತೆ, ಹುಡುಕ್ತಾ ಹೋದ್ರೆ ಅರ್ಧ ಕಟ್ಟಿದ ಮನೆಗಳಲ್ಲಿ ವಾಚ್‌ಮನ್ ಸಂಸಾರ ಇರ್ತಾವಲ್ಲ, ಅಲ್ಲೆಲ್ಲಾ ಸಿಮೆಂಟ್ ಚೀಲದ ಸಂದೀಲಿ ಕೋಳಿ. ಹೂವು ಮಾರೋ ಅಕ್ಕನ ಮನೇಲಿ ಮಂಚದ ಕೆಳಗೆ ಮರಿ ಸಮೇತ ಒಂದು ಹ್ಯಾಟೆ. ಹಳೇ ಊರಿನ ಕಡೆ ಒಬ್ಬರು ಕಾದಾಟದ ತಳಿ ಹುಂಜ ಸಾಕಿದ್ರು, ಅವರು ಮೊದಲು ನಮ್ಮನ್ನ ಪೊಲೀಸರ ಕಡೆಯೋರು ಅಂದ್ಕೊಂಡು ಬಾಗಿಲೇ ತೆಗೀಲಿಲ್ಲ. ಎಲ್ಲಾ ಸೇರಿ ಅರವತ್ತು ಚಿಲ್ಲರೆ ಆದವು. ನೂರು ಆಗಲಿಲ್ಲ, ಆದರೆ ಅರವತ್ತು ಕೋಳಿಗೆ ಸೀಸೆ ಒಡೆಯೋಕೆ ಯಾರಿಗೂ ಬೇಜಾರಿರಲ್ಲ.

ಅಷ್ಟು ಜನರಿಗೆ ಎರಡು ಕಂಡೀಷನ್ ಹೇಳಿದ್ವಿ. ವಾರ ಮುಂಚೆ ಎಲ್ರೂ ಜಂತುಹುಳದ ಔಷಧಿ ಕುಡಿಸಿರಬೇಕು, ಹೊಟ್ಟೇಲಿ ಹುಳ ಇರೋ ಕೋಳಿಗೆ ಆರ್‌ಟೂಬಿ ಹಾಕಿದ್ರೆ ಸುಸ್ತಾಗುತ್ತೆ, ಲಸಿಕೇನೂ ಸರಿಯಾಗಿ ಹತ್ತಲ್ಲ. ಇನ್ನೊಂದು, ಮಂಕಾಗಿರೋ ಕೋಳಿ ಇದ್ರೆ ಮುಚ್ಚಿಡದೆ ಹೇಳಬೇಕು, ಅದಕ್ಕೆ ಹಾಕಲ್ಲ. ಟೈಮು ಬೆಳಕು ಹರಿಯೋಕೆ ಮುಂಚೆ, ಯಾಕಂದ್ರೆ ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣಲ್ಲ, ಗೂಡಿಂದ ಸುಮ್ನೆ ಎತ್ಕೊಂಡು ಬರಬಹುದು, ಬೆಳಗಾದ ಮೇಲೆ ಜವಾರಿ ಹ್ಯಾಟೆ ಹಿಡೀಬೇಕು ಅಂದ್ರೆ ಇಡೀ ಲೇಔಟ್ ಓಡಬೇಕು. ನಮ್ಮನೆಯವ್ರು ಕಾಫಿ ಫ್ಲಾಸ್ಕಲ್ಲಿ ಐಸ್ ತುಂಬಿ ಸೀಸೆ ತಂದ್ರು. ಆಸ್ಪತ್ರೆಯ ಕಾಂಪೌಂಡರ್ ನಮ್ಮ ಶೆಡ್ಡಲ್ಲಿ ಕೂತು ಒಂದೊಂದೇ ಹಾಕಿದ್ರು, ಎಡಗೈಲಿ ರೆಕ್ಕೆ ಎತ್ತಿ, ಊದಿ ಪುಕ್ಕ ಸರಿಸಿ, ಚರ್ಮ ಚಿವುಟಿ ಎತ್ತಿ ಸೂಜಿ, ಸೆಕೆಂಡುಗಳ ಕೆಲಸ. ಮರಿಗಳಿಗೆ ಹನಿ ಹಾಕೋದು ನಮಗೇ ಕಲಿಸಿಕೊಟ್ರು. ಕಣ್ಣಿಗೆ ಬಿಟ್ಟ ಹನಿ ಒಳಗೆ ಇಳಿಯೋವರೆಗೂ ಹಿಡ್ಕೊಂಡಿರಬೇಕು, ಮರಿ ಒಂದ್ಸಲ ರೆಪ್ಪೆ ಮುಚ್ಚಿ ತೆಗೆದು ಗುಟುಕರಿಸುತ್ತೆ, ಆಮೇಲೆ ಬಿಡೋದು, ಅದಕ್ಕೂ ಮುಂಚೆ ಬಿಟ್ರೆ ತಲೆ ಒದರಿ ಚೆಲ್ಲಿಬಿಡುತ್ತೆ. ಅದು ಜೀವ ಇರೋ ವೈರಸ್ಸು, ನಮ್ಮ ಕಣ್ಣಿಗೆ ಹಾರಿದ್ರೆ ಎರಡು ದಿನ ಕಣ್ಣು ಕೆಂಪಾಗುತ್ತೆ, ಹಂಗಾಗಿ ಕನ್ನಡಕ ಹಾಕ್ಕೊಂಡು ಸೋಪಲ್ಲಿ ಕೈ ತೊಳೀಬೇಕು, ಉಳಿದ ಲಸಿಕೆ ಸೀಸೆ ಸಮೇತ ನೀರಲ್ಲಿ ಕುದಿಸಿ ಹೂಳಬೇಕು, ಚರಂಡಿಗೆ ಎಸೀಬಾರದು.

ಲಸಿಕೆ ಹಾಕ್ಸಿದ್ವಲ್ಲ ಅಂತ ಸಂತೆಯಿಂದ ತಂದ ಹೊಸ ಕೋಳೀನ ಅವತ್ತೇ ಗೂಡಿಗೆ ಬಿಡೋ ಹಂಗಿಲ್ಲ. ರೋಗ ಬರೋದೇ ಹಂಗೆ. ಮೂರು ವಾರ ಬೇರೆ ಕಡೆ ಕಟ್ಟಿ ಹಾಕ್ಬೇಕು, ಅದರ ನೀರು ಬೇರೆ, ಬಟ್ಟಲು ಬೇರೆ. ಜಾತ್ರೆ ಹಬ್ಬದ ಸೀಸನ್ನಲ್ಲಿ ಕೋಳಿ ಊರಿಂದೂರಿಗೆ ಓಡಾಡ್ತಾವೆ, ಆವಾಗ ನಾವು ಯಾರು ಎಷ್ಟೇ ಅಗ್ಗಕ್ಕೆ ಕೊಟ್ರೂ ಹೊಸದು ತರಲ್ಲ. 2020ರ ಮಾರ್ಚಲ್ಲಿ ಹಕ್ಕಿಜ್ವರ ಅಂತ ಒಂದು ಕಡೆ, ಕೊರೊನಾ ಕೋಳಿಯಿಂದ ಬರುತ್ತೆ ಅನ್ನೋ ಸುಳ್ಳು ಸುದ್ದಿ ಇನ್ನೊಂದು ಕಡೆ, ಬ್ರಾಯ್ಲರ್ ರೇಟು ನೆಲ ಕಚ್ಚಿ ಜನ ಪುಕ್ಕಟೆ ಕೊಟ್ರೂ ಬೇಡ ಅಂದಿದ್ದು ನೆನಪಿರಬೇಕು. ಆಗಲೂ ಅತ್ತೆ ಹೇಳಿದ್ದು ಇದೇ, ಬೇರೆಯೋರ ಕೋಳಿ ಒಳಗೆ ಬಿಡಬ್ಯಾಡ, ನಮ್ಮವನ್ನ ಹೊರಗೆ ಬಿಡಬ್ಯಾಡ.

ಆರು ತಿಂಗಳಿಗೊಂದ್ಸಲ ಈಗ ಇದು ನಡೆಯುತ್ತೆ. ವಾಚ್‌ಮನ್ ಸಂಸಾರಗಳು ಮನೆ ಮುಗಿದ ಮೇಲೆ ಬೇರೆ ಕಡೆ ಹೋಗ್ತಾವೆ, ಹೊಸಬರು ಬರ್ತಾರೆ, ಪ್ರತಿ ಸಲ ಗಣತಿ ಹೊಸದಾಗಿ ಮಾಡ್ಬೇಕು, ಹೂವಿನ ಅಕ್ಕ ಮಾತ್ರ ಖಾಯಂ ಮೆಂಬರ್. ಇಂಜೆಕ್ಷನ್ ಹಾಕಿದ ಮೇಲೆ ಮೊಟ್ಟೆ ಇಡೋ ಕೋಳಿ ಕೆಲವು ದಿನ ಇಡೋದು ಕಮ್ಮಿ ಮಾಡ್ತಾವೆ, ಹಂಗಾಗೋದು ಸಹಜ, ಆದರೆ ಅತ್ತೆಗೆ ಪ್ರತಿ ಸಲಾನೂ ಅದೇ ತಕರಾರು, "ಸೂಜಿ ಚುಚ್ಚಿ ಚುಚ್ಚಿ ಕೋಳಿ ಹೆದರಿಸಿಟ್ಟೀರಿ, ವಾರ ಆತು ಬುಟ್ಟ್ಯಾಗ ಒಂದು ತತ್ತಿ ಇಲ್ಲ" ಅಂತ. ಹೋದ ಸಲ ಅದೇ ವಾರ ನಾದಿನಿ ಮಕ್ಕಳು ರಜಕ್ಕೆ ಬಂದಿದ್ರು, ಜವಾರಿ ಮೊಟ್ಟೆ ಆಮ್ಲೆಟ್ ಬೇಕು ಅಂತ ಹಠ. ನಮ್ಮನೆಯವ್ರು ಸುಮ್ನೆ ಹೋಗಿ ಮೂಲೆ ಅಂಗಡಿಯಿಂದ ಒಂದು ಡಜನ್ ಬಿಳಿ ಮೊಟ್ಟೆ ತಂದ್ರು, ಮಕ್ಕಳಿಗೆ ವ್ಯತ್ಯಾಸಾನೇ ಗೊತ್ತಾಗಲಿಲ್ಲ, ಅತ್ತೆಗೆ ಮಾತ್ರ ಮೊದಲನೇ ತುತ್ತಿಗೇ ಗೊತ್ತಾಯ್ತು.